ಒರಳು, ಮಿಕ್ಸಿ, ಗ್ರೈಂಡರ್: ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಕೊಳ್ಳಬೇಕೇ?

ವಾರಕ್ಕೆ ಎರಡು ಸಲವಾದರೂ ಇಡ್ಲಿ, ದೋಸೆ ಮಾಡುವ, ನಾಲ್ಕೈದು ಜನ ಇರುವ ಮನೆಯಾದರೆ ಧಾರಾಳವಾಗಿ ಕೊಳ್ಳಿ. ಇಬ್ಬರೇ ಇರುವ ಮನೆಗೆ ಬೇಡ, ಒಳ್ಳೆಯ ಮಿಕ್ಸಿ ಸಾಕು. ಹಿತ್ತಿಲಲ್ಲಿ ಒರಳು ಕಲ್ಲು ಇದ್ದರೆ ಗ್ರೈಂಡರ್ ಬಂತೆಂದು ಅದನ್ನು ಕಿತ್ತು ಹಾಕಬೇಡಿ. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಇದು ಒಂದು ಕಂಪನಿಯ ಒಂದು ಮಾಡೆಲ್ಲಿನ ವಿಮರ್ಶೆ ಅಲ್ಲ. ಸುಮಾರು 4ರಿಂದ 7 ಸಾವಿರ ರೂಪಾಯಿಗೆ ಸಿಗುವ, 150 ವ್ಯಾಟ್ ಆಸುಪಾಸಿನ ಮೋಟರಿನ, ಸ್ಟೀಲ್ ಡ್ರಮ್ಮಿನ ಗ್ರೈಂಡರುಗಳೆಲ್ಲ ಮೇಲ್ನೋಟಕ್ಕೆ ಬೇರೆ ಬೇರೆ ಬಣ್ಣದವು, ಹೊಟ್ಟೆಯೊಳಗೆ ಒಂದೇ ಜಾತಿ. ಕೊಳ್ಳುವವರು ಕೇಳುವ ಪ್ರಶ್ನೆ ಮಾತ್ರ ಎರಡು ಬಗೆಯದು. ಒಂದು, ಇಡ್ಲಿ ಒರಳಿನ ಹಿಟ್ಟಿನಷ್ಟು ಮೆತ್ತಗೆ ಬರುತ್ತದಾ? ಇನ್ನೊಂದು, ಪ್ರತಿ ಮನೆಯ ವಾಟ್ಸಾಪ್ ಗುಂಪಿನಲ್ಲಿ ಸುತ್ತುವ ಮಾತು: ಅಜ್ಜಿಯರು ಒರಳಲ್ಲಿ ರುಬ್ಬಿ ಗಟ್ಟಿಮುಟ್ಟಾಗಿದ್ದರು, ಈ ಮೆಷಿನ್ನುಗಳು ಬಂದ ಮೇಲೆಯೇ ಮಂಡಿನೋವು, ಬೆನ್ನುನೋವು, ಸಕ್ಕರೆ ಕಾಯಿಲೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೂ ಉತ್ತರ ಇದೆ, ಆದರೆ ಫಾರ್ವರ್ಡ್ ಮಾಡುವವರು ಬಯಸುವಂಥದ್ದಲ್ಲ.

ಮೊದಲು ಯಂತ್ರ. ಕೈಯಿಂದ ತಿರುಗಿಸುವ ಒರಳಿನಲ್ಲಿ ಕುಳಿ ಇರುವ ಕಲ್ಲು ಕದಲುವುದಿಲ್ಲ, ಗುಂಡು ತಿರುಗುತ್ತದೆ. ವಿದ್ಯುತ್ ಗ್ರೈಂಡರ್ ಇದನ್ನು ತಲೆಕೆಳಗು ಮಾಡಿತು: ಒರಳೇ ತಿರುಗುತ್ತದೆ, ಗುಂಡನ್ನು ಒಂದು ಕಡೆ ಹಿಡಿದು ನಿಲ್ಲಿಸಲಾಗುತ್ತದೆ. ಮದುವೆ ಮನೆ, ಹೋಟೆಲುಗಳಲ್ಲಿ ಕಾಣುವ ದೊಡ್ಡ ಗ್ರೈಂಡರ್ ಇವತ್ತಿಗೂ ಹಾಗೇ ಇದೆ. ಇದರ ತವರು ಕೊಯಮತ್ತೂರು. ಅಲ್ಲಿನ ಪಿ. ಸಭಾಪತಿ 1955ರಲ್ಲಿ ಮೊದಲ ಗ್ರೈಂಡರ್ ಮಾಡಿದವರೆಂದು ಹೆಸರಾಗಿದ್ದಾರೆ, ಕೊಯಮತ್ತೂರು ವೆಟ್ ಗ್ರೈಂಡರಿಗೆ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಟೇಬಲ್ ಟಾಪ್ ಅದರ ಮರಿ: ತಳದಲ್ಲಿ ಚಪ್ಪಟೆ ಗ್ರಾನೈಟ್ ಕಲ್ಲು ಕೂರಿಸಿದ ಸ್ಟೀಲ್ ಡ್ರಮ್ಮು, ಅದರ ಮೇಲೆ ಉರುಳುವ ಎರಡು ಅಥವಾ ಮೂರು ಸಣ್ಣ ಕಲ್ಲುಗಳು, ಅವನ್ನು ಹಿಡಿದಿಡುವ ಹೋಲ್ಡರ್, ಮೇಲಿಂದ ಒತ್ತುವ ಸ್ಪ್ರಿಂಗ್ ಲಾಕ್, ಗೋಡೆಗೆ ಅಂಟಿದ ಹಿಟ್ಟನ್ನು ಒಳಕ್ಕೆ ತಳ್ಳುವ ಪ್ಲಾಸ್ಟಿಕ್ ಸ್ಕ್ರೇಪರ್. ಕೆಳಗೆ ಮೋಟರ್, ಅದು ಓಡಲು ಮೊದಲ ತಳ್ಳು ಕೊಡುವ ಕೆಪಾಸಿಟರ್, ಒಂದು ಬೆಲ್ಟ್. ಒರಳಿನ ಮುಂದೆ ಕೂತಾಗ ಬಲಗೈ ಗುಂಡು ತಿರುಗಿಸುತ್ತದೆ, ಎಡಗೈ ಅಂಚಿಗೆ ಬಂದ ಹಿಟ್ಟನ್ನು ಕುಳಿಗೆ ನೂಕುತ್ತದೆ. ಗ್ರೈಂಡರಿನಲ್ಲಿ ಬಲಗೈಯ ಕೆಲಸ ಬೆಲ್ಟಿನದು, ಎಡಗೈಯ ಕೆಲಸ ಸ್ಕ್ರೇಪರಿನದು. ಕಲ್ಲು ಮಾತ್ರ ಕಲ್ಲೇ.

ರುಚಿಯ ವಾದ ಇಲ್ಲೇ ಮುಗಿಯಬೇಕಿತ್ತು. ಇಡ್ಲಿ ಮೆತ್ತಗಾಗುವುದು ಹಳೆಯ ಪದ್ಧತಿ ಎಂಬ ಕಾರಣಕ್ಕಲ್ಲ, ನಿಧಾನ ಎಂಬ ಕಾರಣಕ್ಕೆ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ಹೊಡೆದು ಬೇಳೆಯನ್ನು ಕತ್ತರಿಸುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಗ್ರೈಂಡರಿನ ಡ್ರಮ್ಮು ನಿಮಿಷಕ್ಕೆ ನೂರರಿಂದ ನೂರೈವತ್ತು ಸುತ್ತಿನ ಮಟ್ಟದಲ್ಲಿ ತಿರುಗಿ ಬೇಳೆಯನ್ನು ಜಜ್ಜಿ ಅರೆಯುತ್ತದೆ. ಉದ್ದಿನಲ್ಲಿರುವ ಗ್ಲಾಬ್ಯುಲಿನ್ ಪ್ರೋಟೀನು ಮತ್ತು ಅರಾಬಿನೋಗ್ಯಾಲಕ್ಟಾನ್ ಎಂಬ ಲೋಳೆ ಸೇರಿ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿಟ್ಟು ತಣ್ಣಗಿದ್ದು ಅರ್ಧ ಗಂಟೆ ಮಗುಚಿಕೊಳ್ಳುತ್ತಾ ಇದ್ದರೆ ಒಳಗೆ ಸೇರುವ ಗಾಳಿಯೂ ಹೆಚ್ಚು. ಹುದುಗುವಾಗ ಲ್ಯೂಕೋನಾಸ್ಟಾಕ್ ಮೆಸೆಂಟಿರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಅನಿಲವೂ ಆ ಲೋಳೆಯಲ್ಲೇ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಈ ಕೆಲಸದಲ್ಲಿ ಒರಳಿಗೂ ಗ್ರೈಂಡರಿಗೂ ನಾಲಿಗೆಗೆ ಗೊತ್ತಾಗುವ ವ್ಯತ್ಯಾಸ ಇಲ್ಲ. ಮಿಕ್ಸಿಗೂ ಇವೆರಡಕ್ಕೂ ಇದೆ. ಕಲ್ಲಿನಿಂದ ಹಿಟ್ಟಿಗೆ ಏನೋ ಸತ್ವ ಇಳಿಯುತ್ತದೆ ಎನ್ನುವುದು ಅಂಗಡಿಯವರ ಮಾತು. ಕಲ್ಲಿನಿಂದ ಇಳಿಯುವುದು ಕಲ್ಲಿನ ಪುಡಿ, ಅದನ್ನು ಹೊಸದರಲ್ಲೇ ತೊಳೆದು ಹಾಕಬೇಕು.

ಹೇಗೆಂದರೆ: ಹೊಸ ಗ್ರೈಂಡರಿಗೆ ಒಂದು ಹಿಡಿ ನೆನೆದ ಅಕ್ಕಿ, ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಓಡಿಸಿ, ಚೆಲ್ಲಿ. ಆ ನೀರು ಬೂದು ಬಣ್ಣಕ್ಕೆ ಬಂದಿರುತ್ತದೆ. ನೀರು ಹಾಲಿನ ಬಣ್ಣದಲ್ಲೇ ಉಳಿಯುವವರೆಗೆ ಇದನ್ನೇ ಮಾಡಬೇಕು, ಸಾಮಾನ್ಯವಾಗಿ ಎರಡು ಮೂರು ಸಲ ಸಾಕು. ಇದನ್ನು ಬಿಟ್ಟು ನೇರ ಉದ್ದು ಹಾಕಿದವರ ಮೊದಲ ಇಡ್ಲಿ ಹಲ್ಲಿಗೆ ಕರಕರ ಎನ್ನುತ್ತದೆ, ಆಮೇಲೆ ಮಾಡೆಲ್ಲಿಗೆ ಬೈಗುಳ.

ಎರಡು ಲೀಟರ್ ಎಂದರೆ ಎರಡು ಲೀಟರ್ ಹಿಟ್ಟು, ಎರಡು ಕೆಜಿ ಅಕ್ಕಿ ಅಲ್ಲ. ಒಂದು ಬಾರಿಗೆ 250 ಗ್ರಾಂ ಉದ್ದಿನಬೇಳೆ, ಆಮೇಲೆ 750 ಗ್ರಾಂ ಇಡ್ಲಿ ಅಕ್ಕಿ, ಇದಕ್ಕಿಂತ ಮೇಲೆ ಹೋಗಬೇಡಿ. ಎರಡನ್ನೂ ಬೇರೆ ಬೇರೆಯಾಗಿ ರುಬ್ಬಬೇಕು, ಉದ್ದು ಮೊದಲು. ಮಿಕ್ಸಿಯಲ್ಲಾದರೆ ಒಂದಕ್ಕೆ ಎರಡು ಅಥವಾ ಎರಡೂವರೆ ಪಾಲು ಅಕ್ಕಿಗೇ ನಿಲ್ಲಬೇಕು. ಗ್ರೈಂಡರಿನಲ್ಲಿ ಉದ್ದು ಹೆಚ್ಚು ಉಬ್ಬುವುದರಿಂದ ಒಂದಕ್ಕೆ ಮೂರು ನಿಶ್ಚಿಂತೆಯಾಗಿ ನಡೆಯುತ್ತದೆ, ಉದ್ದು ಹೊಸತಾಗಿದ್ದರೆ ನಾಲ್ಕೂ ಆಗುತ್ತದೆ. ಇಡ್ಲಿ ರವೆ ಹಾಕುವ ಮನೆಗಳಲ್ಲಿ ಒಂದಕ್ಕೆ ಎರಡು. ಅಲ್ಲಿ ಗ್ರೈಂಡರಿಗೆ ಉದ್ದು ಮಾತ್ರ, ರವೆಯನ್ನು ತೊಳೆದು ಹಿಂಡಿ ಕೈಯಲ್ಲೇ ಬೆರೆಸುವುದು.

ಉದ್ದನ್ನು ಅರ್ಧ ಚಮಚ ಮೆಂತ್ಯದ ಜೊತೆ ಮೂರು ನಾಲ್ಕು ಗಂಟೆ, ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ. ಉದ್ದು ನೆನೆದ ನೀರನ್ನು ಚೆಲ್ಲಬೇಡಿ, ಫ್ರಿಜ್ಜಿನಲ್ಲಿಟ್ಟು ರುಬ್ಬಲು ಅದನ್ನೇ ಬಳಸಿ. ಡ್ರಮ್ಮಿಗೆ ಕಾಲು ಲೋಟ ನೀರು ಹಾಕಿ ಮೊದಲು ಸ್ವಿಚ್ ಒತ್ತಿ, ಕಲ್ಲು ತಿರುಗಲು ಶುರುವಾದ ಮೇಲೆ ಬೇಳೆಯನ್ನು ಹಿಡಿಹಿಡಿಯಾಗಿ ಬಿಡಿ. ಎಲ್ಲ ಸುರಿದು ಆಮೇಲೆ ಸ್ವಿಚ್ ಹಾಕಿದರೆ ಕಾಳು ಕಲ್ಲಿನಡಿ ಸಿಕ್ಕಿ ಬೆಲ್ಟ್ ಜಾರುತ್ತದೆ, ಗ್ರೈಂಡರುಗಳು ರಿಪೇರಿಗೆ ಹೋಗುವ ದಾರಿಗಳಲ್ಲಿ ಇದು ದೊಡ್ಡದು. 250 ಗ್ರಾಂ ಉದ್ದಿಗೆ ಒಟ್ಟು ಸುಮಾರು ಅರ್ಧ ಲೀಟರ್ ನೀರು, ಅದೂ ಒಮ್ಮೆಗೇ ಅಲ್ಲ, ಐದು ನಿಮಿಷಕ್ಕೊಮ್ಮೆ ಚಿಮುಕಿಸುತ್ತಾ. ಮೊದಲ ಹತ್ತು ನಿಮಿಷ ಹಿಟ್ಟು ಗಟ್ಟಿಯಾಗಿ, ತರಿತರಿಯಾಗಿ, ಮೊಂಡು ಹಿಡಿದಂತೆ ಇರುತ್ತದೆ. ಆಗ ಗಾಬರಿಯಾಗಿ ನೀರು ಸುರಿದರೆ ಕಾಳು ಕಲ್ಲಿನಡಿಗೆ ಸಿಗದೆ ತೇಲಾಡುತ್ತದೆ, ಎಷ್ಟು ಹೊತ್ತು ತಿರುಗಿಸಿದರೂ ಉಬ್ಬುವುದಿಲ್ಲ. ಹದಿನೈದನೇ ನಿಮಿಷದ ಸುಮಾರಿಗೆ ಶಬ್ದ ಬದಲಾಗುತ್ತದೆ: ಕಲ್ಲಿನ ಗರಗರ ಹೋಗಿ ಹಿಟ್ಟು ಪಟಪಟ ಎಂದು ಗುಳ್ಳೆ ಒಡೆಯುತ್ತದೆ. ಇಪ್ಪತ್ತೈದು ಮೂವತ್ತು ನಿಮಿಷಕ್ಕೆ ಒಂದು ಬೊಟ್ಟು ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೈದು ನಿಮಿಷ. ನಲವತ್ತು ದಾಟಿಸಬೇಡಿ, ಗ್ರೈಂಡರಿನಲ್ಲೂ ಹಿಟ್ಟು ಬೆಚ್ಚಗಾಗುತ್ತದೆ.

ಅಕ್ಕಿಗೆ ಇಷ್ಟು ಗಮನ ಬೇಡ. ಇಡ್ಲಿಗೆ ಸಣ್ಣ ರವೆಯಷ್ಟು ತರಿ, ದೋಸೆಗೆ ನುಣ್ಣಗೆ, ಹದಿನೈದು ಇಪ್ಪತ್ತು ನಿಮಿಷ. ಎರಡನ್ನೂ ಕೈಯಿಂದ ಕಲಸಿ ಉಪ್ಪು ಹಾಕಿ ಇಟ್ಟರೆ ಬೇಸಿಗೆಯಲ್ಲಿ ಎಂಟು ಗಂಟೆ, ಬೆಂಗಳೂರಿನ ಡಿಸೆಂಬರಿನಲ್ಲಿ ಹದಿನಾಲ್ಕರ ಮೇಲೂ ಬೇಕಾಗಬಹುದು.

ಕರೆಂಟು? ಜನ ದೊಡ್ಡ ಯಂತ್ರ, ದೊಡ್ಡ ಬಿಲ್ಲು ಎಂದುಕೊಳ್ಳುತ್ತಾರೆ. 150 ವ್ಯಾಟ್ ಮೋಟರ್ ಒಂದು ಗಂಟೆ ಓಡಿದರೆ 0.15 ಯುನಿಟ್. ಉದ್ದು, ಅಕ್ಕಿ ಎರಡೂ ಸೇರಿ ಐವತ್ತು ನಿಮಿಷ, ವಾರಕ್ಕೆ ಎರಡು ಸಲ ಎಂದಿಟ್ಟರೂ ತಿಂಗಳಿಗೆ ಒಂದು ಯುನಿಟ್ ಚಿಲ್ಲರೆ. 750 ವ್ಯಾಟಿನ ಮಿಕ್ಸಿಯಲ್ಲಿ ಅದೇ ಹಿಟ್ಟಿಗೆ ಕಂತುಕಂತಾಗಿ ಹತ್ತು ನಿಮಿಷ ಹಿಡಿದರೆ 0.125 ಯುನಿಟ್, ಅಲ್ಲಿಗೆ ಎರಡೂ ಸಮಸಮ. ಗೃಹಜ್ಯೋತಿಯ 200 ಯುನಿಟ್ಟಿನೊಳಗಿರುವ ಮನೆಗೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಆ ವಾಟ್ಸಾಪ್ ಮಾತು. ಅರೆಯುವ ಕೆಲಸ ಮೈಯನ್ನು ಗಟ್ಟಿ ಮಾಡುತ್ತಿತ್ತು ಎನ್ನುವುದು ಸುಳ್ಳಲ್ಲ. 2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಮಧ್ಯ ಯುರೋಪಿನ ಇತಿಹಾಸಪೂರ್ವ ಕಾಲದ ಹೆಂಗಸರ ಮೂಳೆಗಳನ್ನು ಇವತ್ತಿನ ಆಟಗಾರ್ತಿಯರ ಮೂಳೆಗಳ ಜೊತೆ ಇಟ್ಟು ನೋಡಿದರು. ಮೊದಲ ಕೆಲವು ಸಾವಿರ ವರ್ಷಗಳ ಕೃಷಿಕ ಹೆಂಗಸರ ತೋಳಿನ ಮೂಳೆ, ಇವತ್ತು ಸ್ಪರ್ಧೆಯಲ್ಲಿ ದೋಣಿ ಹುಟ್ಟು ಹಾಕುವ ಆಟಗಾರ್ತಿಯರಿಗಿಂತ ಬಲವಾಗಿತ್ತು. ಕಾರಣಗಳಲ್ಲಿ ಅವರು ಹೇಳಿದ್ದು ಹೊಲದ ದುಡಿಮೆ, ಮತ್ತು ದಿನಕ್ಕೆ ಗಂಟೆಗಟ್ಟಲೆ ಧಾನ್ಯ ಬೀಸುವುದು. ಇಲ್ಲಿಗೆ ಫಾರ್ವರ್ಡ್ ಮಾಡುವವರಿಗೆ ಖುಷಿ.

ಆದರೆ ಅದೇ ಕಥೆಗೆ ಇನ್ನೊಂದು ಮಗ್ಗುಲಿದೆ. ಸಿರಿಯಾದ ಅಬು ಹುರೇರಾ ಎಂಬಲ್ಲಿ ಸಿಕ್ಕ ಹೊಸ ಶಿಲಾಯುಗದ ಅಸ್ಥಿಗಳನ್ನು ಹಳೆಯ ಮೂಳೆಗಳ ಸಂಶೋಧಕಿ ಥೇಯಾ ಮೊಲ್ಲೆಸನ್ ಪರೀಕ್ಷಿಸಿ 1994ರಲ್ಲಿ ಬರೆದರು: ಕಾಲಿನ ಹೆಬ್ಬೆರಳ ಕೀಲು ಸವೆದಿದೆ, ಮಂಡಿಯಲ್ಲಿ ಗುರುತುಗಳಿವೆ, ಬೆನ್ನುಮೂಳೆಯ ಕೆಳಭಾಗ ಹಾಳಾಗಿದೆ. ಮಂಡಿಯೂರಿ, ಬೆರಳು ಮಡಚಿ, ಮುಂದಕ್ಕೆ ಹಿಂದಕ್ಕೆ ಬಾಗಿ ಕಲ್ಲಿನ ಮೇಲೆ ಧಾನ್ಯ ಅರೆದ ದೇಹಗಳವು, ಬಹುಪಾಲು ಹೆಂಗಸರವು. ತೋಳಿಗೆ ಕೊಟ್ಟದ್ದನ್ನು ಕಲ್ಲು ಬೆನ್ನಿನಿಂದ ವಸೂಲಿ ಮಾಡಿತ್ತು. ನಮ್ಮ ಒರಳಿನ ಭಂಗಿ ಅದಕ್ಕಿಂತ ಮೇಲು, ಮಂಡಿಯೂರುವಂತಿಲ್ಲ, ಮಣೆಯ ಮೇಲೆ ಕೂರಬಹುದು. ಆದರೂ ಒಂದೇ ತೋಳು, ಒಂದೇ ಸುತ್ತು, ಸೊಂಟ ಬಾಗಿದ ಹಾಗೇ ಮುಕ್ಕಾಲು ಗಂಟೆ. ವ್ಯಾಯಾಮ ಎಂದು ಯಾವ ತರಬೇತುದಾರರೂ ಹೀಗೆ ಹೇಳಿಕೊಡುವುದಿಲ್ಲ. ಬಸುರಿ, ಬಾಣಂತಿ, ಮುಟ್ಟುನೋವು, ಜ್ವರ ಯಾವುದಿದ್ದರೂ ಬೆಳಗಾದರೆ ಹಿಟ್ಟು ತಯಾರಿರಬೇಕಿತ್ತು ಎಂಬುದನ್ನು ಆ ಸಂದೇಶ ಹೇಳುವುದೇ ಇಲ್ಲ. ಸಾಕು ಅನ್ನಿಸಿದಾಗ ನಿಲ್ಲಿಸುವಂತಿದ್ದರೆ ಅದು ವ್ಯಾಯಾಮ. ಇಲ್ಲದಿದ್ದರೆ ಗೇಯ್ಮೆ.

ಒರಳು ತಿರುಗಿಸಿದ್ದರಿಂದ ಹೆರಿಗೆ ಸಲೀಸಾಗುತ್ತಿತ್ತು ಎಂಬ ಬಾಲಂಗೋಚಿಯೂ ಒಂದುಂಟು. ಭಾರತದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 1997–98ರಲ್ಲಿ 398 ಇತ್ತು, 2018–20ರಲ್ಲಿ 97. ಇಳಿಸಿದ್ದು ಗ್ರೈಂಡರ್ ಅಲ್ಲ, ಬಹುಮಟ್ಟಿಗೆ ಆಸ್ಪತ್ರೆ ಹೆರಿಗೆ. ಆದರೆ ಒರಳು ಕಾಪಾಡುತ್ತಿತ್ತು ಎನ್ನುವವರು ಈ ಅಂಕಿಯ ಎದುರು ಏನು ಹೇಳುತ್ತಾರೋ ನೋಡಬೇಕು.

ಕಳೆದುಕೊಂಡದ್ದು ಏನೂ ಇಲ್ಲವೇ? ಇದೆ, ಆದರೆ ಅದು ಗುಂಡಿನಲ್ಲಿಲ್ಲ, ನೆಲದಲ್ಲಿದೆ. ತಾಂಜಾನಿಯಾದ ಹಡ್ಜಾ ಜನ ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಅವರೂ ದಿನಕ್ಕೆ ಹತ್ತಿರ ಹತ್ತಿರ ಹತ್ತು ಗಂಟೆ ಸುಮ್ಮನೆ ಕೂರುತ್ತಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ವ್ಯತ್ಯಾಸ ಕೂರುವ ಬಗೆಯಲ್ಲಿ: ಕುರ್ಚಿ ಇಲ್ಲ, ಕುಕ್ಕರಗಾಲಲ್ಲಿ, ಮಂಡಿಯೂರಿ, ನೆಲದ ಮೇಲೆ, ಹಾಗಾಗಿ ಕೂತಾಗಲೂ ಕಾಲಿನ ಸ್ನಾಯು ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತದೆ. ಒರಳಿನ ಜೊತೆ ಮನೆಯಿಂದ ಹೋದದ್ದು ದಿನಕ್ಕೆ ಹತ್ತಾರು ಸಲ ನೆಲಕ್ಕೆ ಕೂತು ಏಳುವ ರೂಢಿ. ಅದಕ್ಕೆ ಕಲ್ಲು ವಾಪಸ್ ತರಬೇಕಿಲ್ಲ. ತರಕಾರಿ ಹೆಚ್ಚಲು ಈಳಿಗೆಮಣೆ ಸಾಕು, ಊಟಕ್ಕೆ ನೆಲ ಸಾಕು, ಮಂಡಿ ಒಪ್ಪಿದರೆ. ಉಳಿದದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷದ ಬಿರುಸು ನಡಿಗೆ. ಗ್ರೈಂಡರ್ ಉಳಿಸಿಕೊಡುವ ಹೊತ್ತಿನಲ್ಲಿ ಅದರ ಒಂದು ಪಾಲು ಮುಗಿಯುತ್ತದೆ.

ಉಳಿಸಿದ ಹೊತ್ತು ಯಾರದ್ದು ಎಂಬುದೂ ನೋಡಬೇಕಾದ್ದೇ. 2011ರಲ್ಲಿ ತಮಿಳುನಾಡು ಸರ್ಕಾರ ಮಿಕ್ಸಿ, ಫ್ಯಾನಿನ ಜೊತೆ ಟೇಬಲ್ ಟಾಪ್ ಗ್ರೈಂಡರನ್ನೂ ಪುಕ್ಕಟೆ ಹಂಚಲು ಹೊರಟಾಗ ನಕ್ಕವರು ಬಹಳ. ತೋಳಿನ ದುಡಿಮೆ ತಗ್ಗಿಸಲು ಅದು ನೇರವಾದ ದಾರಿಯಾಗಿತ್ತು. ಆದರೆ ಯಂತ್ರ ತೋಳನ್ನು ಬಿಡಿಸುತ್ತದೆ, ಪಾಳಿಯನ್ನು ಹಂಚುವುದಿಲ್ಲ. ದೇಶದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಅಂಥ ಕೆಲಸ ಮಾಡುವ ಗಂಡಸರು 97. ನೆನೆಸುವುದು, ನೀರು ಚಿಮುಕಿಸುವುದು, ಹಿಟ್ಟು ತೆಗೆಯುವುದು, ಕಲ್ಲು ತೊಳೆಯುವುದು, ಇವೆಲ್ಲ ಇನ್ನೂ ಒಬ್ಬರ ಪಾಲಿಗೇ ಇದ್ದರೆ ಗ್ರೈಂಡರ್ ಅರ್ಧ ಪರಿಹಾರ. ಮನೆಯ ಗಂಡಸರು ತೊಳೆಯುವ ಪಾಳಿ ಹಿಡಿಯಬಹುದು, ಹೇಗೂ ಗ್ರೈಂಡರಿನ ಅತಿ ಬೇಸರದ ಭಾಗ ಅದೇ.

ಈ ಯಂತ್ರಕ್ಕೆ ಅಂಕ ಕಳೆಯಬೇಕಾದದ್ದೂ ಅಲ್ಲಿಯೇ. ಒರಳಿಗೆ ಒಂದು ಚೊಂಬು ನೀರು ಸುರಿದು ಕೈಯಾಡಿಸಿದರೆ ಮುಗಿಯಿತು. ಗ್ರೈಂಡರಿನಲ್ಲಿ ಲಾಕ್ ಬಿಚ್ಚಿ, ಹೋಲ್ಡರ್ ಎತ್ತಿ, ಉರುಳುಗಲ್ಲುಗಳ ನಡುವಿನ ಸಂದು, ಸ್ಕ್ರೇಪರಿನ ಹಿಂಬದಿ, ನಡುವಿನ ಕಂಬದ ಬುಡ ಎಲ್ಲ ಬ್ರಶ್ಶಿನಿಂದ ಉಜ್ಜಬೇಕು. ಹಿಟ್ಟು ತೆಗೆದ ಕೂಡಲೇ ಒಂದು ಲೋಟ ನೀರು ಹಾಕಿ ಒಂದು ನಿಮಿಷ ಓಡಿಸಿದರೆ ಮುಕ್ಕಾಲು ಕೆಲಸ ಆದಂತೆ, ಆ ನೀರು ದೋಸೆ ಹಿಟ್ಟಿಗೇ ಹೋಗಲಿ. ಆಮೇಲೆ ಕಲ್ಲುಗಳನ್ನು ಬಿಡಿಯಾಗಿ ಒಣಗಲು ಬಿಡಿ. ಹಸಿಯಾಗಿಯೇ ಮುಚ್ಚಿಟ್ಟರೆ ಮೂರು ದಿನಕ್ಕೆ ಹುಳಿ ವಾಸನೆ, ವಾರಕ್ಕೆ ಬೂಷ್ಟು. ಕಲ್ಲು, ಹಿಟ್ಟು ಸೇರಿದ ಡ್ರಮ್ಮು ಆರೇಳು ಕೆಜಿ ತೂಗುತ್ತದೆ, ವಯಸ್ಸಾದವರು ಅದನ್ನು ಎತ್ತಿ ಬಗ್ಗಿಸುವಾಗಲೇ ಸೊಂಟ ಹಿಡಿಯುತ್ತದೆ. ಡ್ರಮ್ಮು ಎತ್ತದೆ ಸೌಟಿನಿಂದ ಹಿಟ್ಟು ತೆಗೆಯಿರಿ, ಇಲ್ಲವೇ ಸ್ವಲ್ಪ ದುಡ್ಡು ಹೆಚ್ಚು ಕೊಟ್ಟು ಓರೆಯಾಗಿ ಬಾಗುವ ಟಿಲ್ಟಿಂಗ್ ಮಾದರಿ ಕೊಳ್ಳಿ. ನೆಲದ ಮೇಲೆ ಇಡುವುದಂತೂ ಬೇಡ. ಅಡುಗೆ ಕಟ್ಟೆಗಿಂತ ಒಂದು ಗೇಣು ತಗ್ಗಿನ ಗಟ್ಟಿ ಸ್ಟೂಲು ಸರಿಯಾದ ಎತ್ತರ.

ಕೆಡುವ ಬಗೆಗಳು ಕೆಲವೇ. ಸ್ವಿಚ್ ಹಾಕಿದರೆ ಗುಂಯ್ ಎಂದು ಡ್ರಮ್ಮು ತಿರುಗದಿದ್ದರೆ ತಕ್ಷಣ ಆರಿಸಿ, ಹಾಗೇ ಬಿಟ್ಟರೆ ಮೋಟರಿನ ವೈಂಡಿಂಗ್ ಸುಡುತ್ತದೆ. ಹಿಟ್ಟು ತೆಗೆದು ಖಾಲಿ ಡ್ರಮ್ಮಿಗೆ ಸ್ವಿಚ್ ಹಾಕಿದ ಕೂಡಲೇ ಕೈಯಿಂದ ಮೆಲ್ಲಗೆ ಒಂದು ತಳ್ಳು ಕೊಟ್ಟು ನೋಡಿ. ತಳ್ಳಿದ ಮೇಲೆ ಓಡಿದರೆ ಹೋಗಿರುವುದು ಕೆಪಾಸಿಟರ್, ಅಗ್ಗದ ರಿಪೇರಿ. ಸಂಜೆ ಹೊತ್ತು ಮಾತ್ರ ಹೀಗಾದರೆ ವೋಲ್ಟೇಜ್ ಕಮ್ಮಿ, ಬೆಳಗ್ಗೆ ರುಬ್ಬಿ. ಮೋಟರ್ ಸದ್ದು ಜೋರಾಗಿದ್ದು ಡ್ರಮ್ಮು ನಿಧಾನವಾಗಿ, ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟು ಸಡಿಲ. ಕಲ್ಲು ಕಟಕಟ ಎನ್ನತೊಡಗಿದರೆ ಉರುಳುಗಲ್ಲಿನ ತೂತಿನೊಳಗಿನ ನೈಲಾನ್ ಬಳೆ, ಅಂದರೆ ಬುಶ್, ಸವೆದಿದೆ. ಹಿಟ್ಟಿನಲ್ಲಿ ಕಪ್ಪು ಗೆರೆ ಕಂಡರೆ ಮಾತ್ರ ಆ ಹಿಟ್ಟನ್ನು ಚೆಲ್ಲಿಬಿಡಿ: ಕಂಬದ ಎತ್ತರ ಮೀರಿ ತುಂಬಿಸಿದ್ದರಿಂದ ನೀರು ಒಳಗಿಳಿದು ಗ್ರೀಸು ಹೊರಬರುತ್ತಿದೆ, ಸೀಲ್ ಬದಲಿಸಬೇಕು. ತರಿ ಹೋಗುತ್ತಿಲ್ಲವೆಂದು ಲಾಕನ್ನು ಬಿಗಿದು ಬಿಗಿದು ಮೋಟರ್ ಬಿಸಿ ಮಾಡಿಕೊಳ್ಳುವವರೂ ಇದ್ದಾರೆ. ಕಲ್ಲು ಕೈಗೆ ಅಲ್ಲಾಡದಷ್ಟು ಬಿಗಿ ಸಾಕು.

ಒರಳನ್ನು ಯಾಕೆ ಇಟ್ಟುಕೊಳ್ಳಬೇಕು ಎಂದರೆ ಮುಖ್ಯವಾಗಿ ಎರಡು ಕಾರಣ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಇನ್ನೊಂದು, ನಾಲ್ಕು ಜನರ ಚಟ್ನಿಗೆ ಗ್ರೈಂಡರ್ ದೊಡ್ಡದಾಯಿತು, ಬೆಳ್ಳುಳ್ಳಿ ಮಸಾಲೆಯ ವಾಸನೆ ಅದರ ಕಲ್ಲಿಗೆ ಹತ್ತಿ ಇಡ್ಲಿಗೆ ಬರುತ್ತದೆ, ತೆಂಗಿನಕಾಯಿಯ ದೊಡ್ಡ ಹೋಳು ಸ್ಕ್ರೇಪರ್ ಮುರಿಯುತ್ತದೆ. ಒಂದು ಹಿಡಿ ಕಾಯಿ, ಹಸಿಮೆಣಸು, ಹುರಿಗಡಲೆಯನ್ನು ಒರಳಿನಲ್ಲಿ ಹತ್ತು ನಿಮಿಷ ರುಬ್ಬುವುದು ಯಾರ ಬೆನ್ನನ್ನೂ ಮುರಿಯುವುದಿಲ್ಲ, ಮಿಕ್ಸಿ ಚಟ್ನಿಗಿಂತ ಚೆನ್ನಾಗಿಯೂ ಇರುತ್ತದೆ. ಕಲ್ಲು ನುಣುಪಾಗಿದ್ದರೆ ಉಳಿ ಹೊಡೆಸಿ. ಹೊಡೆಯುವವರು ಬೀದಿಗೆ ಬರುವುದು ಕಮ್ಮಿಯಾಗಿದೆ, ಸಿಕ್ಕಾಗ ಬಿಡಬೇಡಿ.

ಅಂಗಡಿಯಲ್ಲಿ ಕೋನಾಕಾರದ ಕಲ್ಲೋ ಸಿಲಿಂಡರ್ ಕಲ್ಲೋ ಎಂದು ಅರ್ಧ ಗಂಟೆ ಭಾಷಣ ಕೇಳಿಸುತ್ತಾರೆ. ತಿರುಗುವ ತಳದ ಹೊರ ಅಂಚು ಒಳ ಅಂಚಿಗಿಂತ ಜೋರಾಗಿ ಓಡುವುದರಿಂದ ಕೋನಾಕಾರದ ಕಲ್ಲು ಜಾರದೆ ಉರುಳುತ್ತದೆ ಎಂಬುದು ನಿಜ, ಮನೆಯ ಇಡ್ಲಿಯಲ್ಲಿ ಅದು ಗೊತ್ತಾಗುವುದಿಲ್ಲ. ಅದರ ಬದಲು ಡ್ರಮ್ಮನ್ನು ಖಾಲಿ ತಿರುಗಿಸಿ ಓಲಾಡುತ್ತದೆಯೇ ನೋಡಿ, ತಳದ ಕಲ್ಲಿಗೂ ಸ್ಟೀಲಿಗೂ ನಡುವಿನ ಬೆಸುಗೆಯಲ್ಲಿ ಬಿರುಕಿದೆಯೇ ಬೆರಳಾಡಿಸಿ, ಸ್ಕ್ರೇಪರ್ ಗೋಡೆಗೆ ಪೂರ್ತಿ ತಾಗುತ್ತದೆಯೇ ನೋಡಿ. ಆ ಮಾದರಿಯ ಬೆಲ್ಟು ಮತ್ತು ನೈಲಾನ್ ಬುಶ್ ನಿಮ್ಮ ಊರಲ್ಲೇ ಸಿಗುತ್ತದೆಯೇ ಎಂದು ಬಿಲ್ ಮಾಡಿಸುವ ಮುನ್ನ ಕೇಳಿ. ಸಿಗದಿದ್ದರೆ ಎರಡನ್ನೂ ಒಂದೊಂದು ಜೊತೆಗೇ ಕೊಂಡುಬಿಡಿ. ನಾಲ್ಕೈದು ವರ್ಷದ ಮೇಲೆ ಮಾದರಿ ಬದಲಾಗಿ, ನೂರಿನ್ನೂರು ರೂಪಾಯಿಯ ಬೆಲ್ಟು ಸಿಗದೆ ಗುಜರಿಗೆ ಹೋಗುವ ಗ್ರೈಂಡರುಗಳಲ್ಲಿ ಮೋಟರೂ ಕಲ್ಲೂ ಚೆನ್ನಾಗಿಯೇ ಇರುತ್ತವೆ.